ಮೂಗು ನನ್ನದು, ನಾಲಿಗೆ ಅವಳದು

ಜನವರಿ 9, ಗುರುವಾರ
ಬಿಪಿ: 156/98

ಡಿಪೋದ ಡಾಕ್ಟರು ದಿನಾ ಬಿಪಿ ನೋಡಿ ಪುಸ್ತಕದಲ್ಲಿ ಬರೆದಿಡಲು ಹೇಳಿದ್ದಾರೆ. ಎರಡು ತಿಂಗಳು ಬಿಟ್ಟು ತೋರಿಸಬೇಕಂತೆ. "ಬರೀ ಅಂಕಿ ಬೇಡ, ಅವತ್ತು ಏನಾಯ್ತು, ಯಾಕೆ ಸಿಟ್ಟು ಬಂತು, ಅದನ್ನೂ ಬರೀರಿ" ಅಂದರು. ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದವನನ್ನು ಯಾಕೆ ಸಿಟ್ಟು ಬಂತು ಅಂತ ಕೇಳುವುದು, ಮೀನನ್ನು ಯಾಕೆ ಒದ್ದೆಯಾದೆ ಅಂತ ಕೇಳಿದ ಹಾಗೆ.

ಇವತ್ತಿನ ಸಿಟ್ಟು: ಆಸ್ಪತ್ರೆ ತಿರುವಿನಲ್ಲಿ ಬಸ್ಸಿಗೆ ಅಡ್ಡ ಕಾರು ನಿಲ್ಲಿಸಿ ಫೋನಿನಲ್ಲಿ ಹರಟುತ್ತಿದ್ದ ಒಬ್ಬ ಮಹಾನುಭಾವ. ಹನ್ನೊಂದು ನಿಮಿಷ. ಹಾರ್ನ್ ಹೊಡೆದು ಹೊಡೆದು ನನ್ನ ಅಂಗೈ ಕೆಂಪಾಯಿತೇ ಹೊರತು ಅವನ ಕಿವಿ ಕೆಂಪಾಗಲಿಲ್ಲ.

ಒಳ್ಳೆ ಸುದ್ದಿಯೂ ಇದೆ. ಹೆಂಡತಿ ಜ್ವರ ಬಿಟ್ಟು ಎದ್ದು ಓಡಾಡುತ್ತಿದ್ದಾಳೆ. ಇನ್ನೂ ಒಂದು: ಮದುವೆಯಾದಾಗಿನಿಂದ ನಾನು ಡ್ಯೂಟಿ ಮುಗಿಸಿ ಬಾಗಿಲು ದಾಟಿದರೆ ಸಾಕು, "ಡೀಸೆಲ್ ನಾತ! ಮೊದ್ಲು ಸ್ನಾನ ಮಾಡ್ಕೊಂಡು ಬನ್ನಿ, ಆಮೇಲೆ ಮಾತು" ಅನ್ನುತ್ತಿದ್ದವಳು ಒಂದು ವಾರದಿಂದ ಆ ಮಾತೇ ಎತ್ತಿಲ್ಲ. ಇವತ್ತು ಯೂನಿಫಾರ್ಮಿನಲ್ಲೇ ಕೂತು ಕಾಫಿ ಕುಡಿದೆ. ಅಂತೂ ಇಂತೂ ಹೆಂಡತಿ ದಾರಿಗೆ ಬಂದಳು.

ಜನವರಿ 12, ಭಾನುವಾರ
ಬಿಪಿ: 158/100

ರಜೆ. ಪೇಪರ್ ಓದುತ್ತ ಕೂತಿದ್ದೆ. ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಹಾಲು ಉಕ್ಕಿ, ಬತ್ತಿ, ತಳ ಹತ್ತಿ ಕರಕಲಾಗಿದೆ. ಒಲೆಯಿಂದ ಒಂದು ಮಾರು ದೂರದಲ್ಲಿ ಬೆನ್ನು ಮಾಡಿಕೊಂಡು ಇವಳು ತರಕಾರಿ ಹೆಚ್ಚುತ್ತಿದ್ದಾಳೆ.

"ಮೂಗನ್ನ ಎಲ್ಲಿ ಅಡ ಇಟ್ಟಿದ್ದೀಯೇ?" ಅಂದೆ.

ಅವಳು ಒಲೆ ಆರಿಸಿದಳು. ಚಾಕು ಕೆಳಗಿಟ್ಟಳು. "ಜ್ವರ ಬಿಟ್ಟಾಗಿಂದ ಏನೂ ವಾಸನೆ ಬರ್ತಿಲ್ಲ ರೀ. ಸೋಪಿಲ್ಲ, ಕಾಫಿಯಿಲ್ಲ, ನೀವಿಲ್ಲ. ಏನೂ ಇಲ್ಲ" ಅಂದಳು.

ನಾನು ನಕ್ಕುಬಿಟ್ಟೆ. "ಪುಣ್ಯವಂತೆ ಕಣೇ. ಸಂಜೆ ಆರರ ಟ್ರಿಪ್ಪಿನಲ್ಲಿ ನನಗೂ ಮೂಗು ಇರಬಾರದಿತ್ತು ಅನ್ಸುತ್ತೆ" ಅಂದೆ. ಅವಳು ನಗಲಿಲ್ಲ. ನಮ್ಮ ಜೊತೆಗೇ ಇರುವ ಅತ್ತೆ, ಅಂದರೆ ಅವಳ ತಾಯಿ, ಕೂತಲ್ಲಿಂದಲೇ "ಅಳಿಯಂದಿರೇ, ಯೋಚನೆ ಮಾಡಿ ಮಾತಾಡಿ. ಅದು ಅವಳ ಅನ್ನ" ಅಂದರು. 

ಅವಳ ಕೆಲಸವೇ ಮೂಗಿನದು. ಫ್ರಾನ್ಸಿನಿಂದ ವೈನು ತರಿಸಿ ಮಾರುವ ಅಂಗಡಿಯಲ್ಲಿ ರುಚಿ ನೋಡುವವಳು, ಹದಿನೆಂಟು ವರ್ಷದಿಂದ. ಚಳಿಗಾಲದಲ್ಲಿ ಸ್ಯಾಂಪಲ್ ಬಾಟ್ಲಿಗಳು ನಮ್ಮ ಮನೆಗೇ ಬರುತ್ತವೆ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೂಸುತ್ತಾಳೆ, ಗುಟುಕು ಹಾಕುತ್ತಾಳೆ, ಉಗುಳುತ್ತಾಳೆ, ಬರೆಯುತ್ತಾಳೆ. ಅವಳು ಹೂಂ ಅಂದ ವೈನು ಮಾತ್ರ ಆ ವರ್ಷ ಅಂಗಡಿಯ ಕಪಾಟು ಹತ್ತುತ್ತದೆ. ಪ್ರತಿ ಬಾಟ್ಲಿಯ ಕುತ್ತಿಗೆಗೆ ಅವಳು ಬರೆದ ಒಂದು ಚೀಟಿ. ನಾನು ಅದಕ್ಕೆ ಇದುವರೆಗೆ ಮೂಗು ತೂರಿಸಿದವನಲ್ಲ. ದಿನಾ ಬೆಳಗ್ಗೆ ಡಿಪೋದಲ್ಲಿ ಯಂತ್ರಕ್ಕೆ ಊದಿ, ಕುಡಿದಿಲ್ಲ ಅಂತ ತೋರಿಸಿದ ಮೇಲೇ ಸ್ಟೀರಿಂಗ್ ಮುಟ್ಟುವವನು. ನನಗೂ ವೈನಿಗೂ ಎಣ್ಣೆ-ಸೀಗೆಕಾಯಿ ಸಂಬಂಧ.

ನಕ್ಕಿದ್ದು ತಪ್ಪಾಯಿತು. ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಜನವರಿ 14, ಮಂಗಳವಾರ
ಬಿಪಿ: 158/98

ಮೂಗಿನ ಡಾಕ್ಟರು ದೀಪ ಬಿಟ್ಟು ನೋಡಿದರು. ಒಂದು ತಿಂಗಳಲ್ಲಿ ಬರಬಹುದು, ಆರು ತಿಂಗಳಾಗಬಹುದು, ಬಾರದೆಯೂ ಇರಬಹುದು ಅಂದರು. ಇಷ್ಟೇ ಹೇಳುವುದಾದರೆ ನಾನೇ ಹೇಳುತ್ತಿದ್ದೆ. ದಿನಾ ನಾಲ್ಕು ವಾಸನೆ ಮೂಸಿ ಮೂಗಿಗೆ ನೆನಪು ಮಾಡಿಸಬೇಕಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ನಿಂಬೆಹಣ್ಣಿನ ಬುಟ್ಟಿ ಹಿಡಿದವಳೊಬ್ಬಳು ಹತ್ತಿದಾಗ ಇವಳು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಳು. ಆಮೇಲೆ ಕಣ್ಣು ತೆರೆದು ಕಿಟಕಿಯ ಆಚೆ ನೋಡಿದಳು. 

ಜನವರಿ 20, ಸೋಮವಾರ
ಬಿಪಿ: 154/98

ಸ್ಯಾಂಪಲ್ಲುಗಳು ಬಂದವು. ಮೂವತ್ತಾರು ಬಾಟ್ಲಿ, ಒಂದೊಂದು ವೈನಿಗೂ ಎರಡೆರಡು. ಹದಿನೆಂಟು ವೈನು, ಅರ್ಧ ಕೆಂಪು, ಅರ್ಧ ಬಿಳಿ. ಜೋಡಿಯಲ್ಲಿ ಒಂದು ನಮ್ಮ ಮನೆಗೆ, ಒಂದು ಅಂಗಡಿಯಲ್ಲೇ. ಇವಳು ರುಚಿ ನೋಡಿ, ಉಳಿದರ್ಧಕ್ಕೆ ಬಿರಡೆ ಹಾಕಿ, ಚೀಟಿ ಕಟ್ಟಿ ವಾಪಸ್ ಕಳಿಸಬೇಕು.

"ಯಜಮಾನಿಗೆ ಹೇಳಿಬಿಡು" ಅಂದೆ. ಆ ಯಜಮಾನಿಗೆ ನಾನು ಇಟ್ಟ ಹೆಸರು ಕನ್ನಡಕದಮ್ಮ. ಮೂಗಿನ ತುದಿಯಲ್ಲೊಂದು, ತಲೆಯ ಮೇಲೊಂದು, ಕೊರಳಲ್ಲೊಂದು, ಒಟ್ಟು ಮೂರು ಕನ್ನಡಕ.

"ಹೇಳಿದ್ರೆ ಅಂಗಡಿಯಲ್ಲಿ ರುಚಿ ನೋಡೋಕೆ ಕೂರೋ ನನ್ನ ಸ್ಟೂಲು ಹೋಗುತ್ತೆ ರೀ. ಆ ಸ್ಟೂಲಿಗೆ ನಾಲ್ಕು ಜನ ಕಾಯ್ತಿದ್ದಾರೆ. ನಾಳೆ ಮೂಗು ವಾಪಸ್ ಬಂದ್ರೂ ಸ್ಟೂಲು ವಾಪಸ್ ಬರಲ್ಲ."

ಬಾಟ್ಲಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದಳು. ಆಮೇಲೆ ನನ್ನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಇಪ್ಪತ್ತನಾಲ್ಕು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗಲೂ ಅಷ್ಟು ಹೊತ್ತು ನೋಡಿರಲಿಲ್ಲ.

"ನಿಮಗೆ ಕ್ಲಚ್ ಸುಟ್ಟ ವಾಸನೆ ಎಲ್ಲರಿಗಿಂತ ಮೊದ್ಲು ಗೊತ್ತಾಗುತ್ತೆ ಅಲ್ವಾ?" ಅಂದಳು.

"ಕ್ಲಚ್ಚು, ಬ್ರೇಕು, ರೇಡಿಯೇಟರ್ ನೀರು ಸೋರಿದರೆ ಒಂದು ಸಿಹಿ ವಾಸನೆ. ಮೇಸ್ತ್ರಿ ಬಾನೆಟ್ ಎತ್ತೋಕೆ ಮೊದ್ಲೇ ಹೇಳ್ತೀನಿ" ಅಂದೆ, ಸ್ವಲ್ಪ ಜಂಬದಿಂದಲೇ.

"ಹಾಗಾದ್ರೆ ನೀವು ಮೂಸಿ ಹೇಳಿ. ನಾನು ಬರೀತೀನಿ."

ಅತ್ತೆ ಕೇಳಿಸಿಕೊಂಡು "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಅಂದರು. ಆಮೇಲೆ "ನಿಮಗಲ್ಲಪ್ಪಾ, ಗಾದೆ ನೆನಪಾಯ್ತು ಅಷ್ಟೇ" ಅಂದರು.

ಜನವರಿ 26, ಭಾನುವಾರ
ಬಿಪಿ: 154/96

ಮೊದಲ ಪರೀಕ್ಷೆ. ಬಾಟ್ಲಿಗಳಿಗೆಲ್ಲ ನನ್ನ ಹಳೇ ಕಾಲುಚೀಲ ತೊಡಿಸಿದ್ದಾಳೆ, ಹೆಸರು ನೋಡಿ ಮನಸ್ಸು ಮೋಸ ಹೋಗಬಾರದು ಅಂತ. ಕಾಲುಚೀಲ ಒಗೆದದ್ದೇ ಅಂತ ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ನಾನು ಬಾಯಿಗೆ ಹಾಕುವ ಹಾಗಿಲ್ಲ, ನಾಳೆ ಊದಬೇಕು. ಮೂಗು ಮಾತ್ರ.

"ಏನ್ ವಾಸನೆ?"

"ವೈನಿನ ವಾಸನೆ."

ಎರಡನೆಯದು? ವೈನಿನ ವಾಸನೆ. ಮೂರನೆಯದು? ವೈನಿನದೇ. ಅವಳು ತಲೆ ಮೇಲೆ ಕೈಹೊತ್ತು ಕೂತಳು. ನಾಲ್ಕನೆಯದು ಒಂದು ಬಿಳಿ ವೈನು. ಮೂಸಿ, ಮುಖ ಕಿವಿಚಿ, ಗ್ಲಾಸು ದೂರ ಇಟ್ಟೆ.

"ಏನು?"

"ಬೇಡ ಬಿಡು."

"ಹೇಳಿ ರೀ!"

"ಬೆಕ್ಕಿನ ಉಚ್ಚೆ" ಅಂದೆ. ಬೈಗುಳ ಬೀಳುತ್ತದೆ ಅಂತ ಬಾಗಿಲ ಕಡೆಗೆ ಒಂದು ಕಣ್ಣಿಟ್ಟೇ ಅಂದೆ. "ಹುಲ್ಲು ಕೊಯ್ದ ವಾಸನೆ ಇದೆ, ಅದರ ಹಿಂದೆ ಬೆಕ್ಕಿದೆ."

ಅವಳು ಕಾಲುಚೀಲ ಎಳೆದು ಹೆಸರು ನೋಡಿ, ಕುರ್ಚಿಯಿಂದ ಎದ್ದು ಕುಣಿದಳು. ಆ ಜಾತಿಯ ದ್ರಾಕ್ಷಿಯ ಗುರುತೇ ಅದಂತೆ! ದೊಡ್ಡ ದೊಡ್ಡ ಪಂಡಿತರೂ ಅದನ್ನು ಹಾಗೇ ಹೇಳುತ್ತಾರಂತೆ. ಜ್ವರ ಬಂದ ಮೇಲೆ ಅವಳು ನಕ್ಕದ್ದು ಇವತ್ತೇ ಮೊದಲು. ಬೆಕ್ಕಿಗೆ ಒಳ್ಳೇದಾಗಲಿ.

ಫೆಬ್ರವರಿ 2, ಭಾನುವಾರ
ಬಿಪಿ: 148/94

ವಾರ ಪೂರ್ತಿ ಅಡುಗೆಮನೆಯಲ್ಲಿ ಪಾಠ. ಕಣ್ಣಿಗೆ ಟವೆಲ್ ಕಟ್ಟಿ ಮೂಗಿನ ಕೆಳಗೆ ಒಂದೊಂದೇ ಹಿಡಿಯುತ್ತಾಳೆ. ನಿಂಬೆ ಸಿಪ್ಪೆ, ಬೆಣ್ಣೆ, ಕಾಳುಮೆಣಸು, ಆಗಷ್ಟೇ ಗೀರಿದ ಬೆಂಕಿಕಡ್ಡಿ, ಒದ್ದೆ ಕಂಬಳಿ. ನಡುವೆ ಒಂದು ಸಲ ಅತ್ತೆ ತಮ್ಮ ಮಂಡಿನೋವಿನ ಮುಲಾಮು ಹಿಡಿದರು. "ಇದು ಹಳೇ ವೈನು, ಎಪ್ಪತ್ತೆಂಟು ವರ್ಷದ್ದು" ಅಂದೆ. ಮೂವರೂ ನಕ್ಕೆವು.

ನನಗೆ ಹೆಸರು ಬರುವುದಿಲ್ಲ, ಬಸ್ಸು ನೆನಪಾಗುತ್ತದೆ. ಇವತ್ತು ಒಂದು ಕೆಂಪು ವೈನು ಮೂಸಿ "ಬೆಳಗ್ಗೆ ಎಂಟೂಕಾಲಿನ ಟ್ರಿಪ್ಪು, ಶಾಲೆ ಮಕ್ಕಳ ಚೀಲ" ಅಂದೆ. ಚೀಲದಲ್ಲಿ ಏನು? ಪೆನ್ಸಿಲ್ ಹೆರೆದ ಪುಡಿ. ಅವಳು ಒಂದು ಗುಟುಕು ಬಾಯಿಗೆ ಹಾಕಿ ಕೆನ್ನೆಯ ಒಳಗೆಲ್ಲ ಆಡಿಸಿ ಉಗುಳಿದಳು. "ಒಗರು ಚೆನ್ನಾಗಿದೆ, ಒಸಡು ಹಿಡಿಯುತ್ತೆ. ಬೋರ್ಡೋ ಕಡೆಯ ವೈನು" ಅಂದಳು. ಕಾಲುಚೀಲ ತೆಗೆದರೆ ಬೋರ್ಡೋ!

ಆಗ ಹೊಳೆಯಿತು. ವಾಸನೆ ಹೋದರೂ ಅವಳ ನಾಲಿಗೆ ಹೋಗಿಲ್ಲ. ಹುಳಿ, ಒಗರು, ಕಹಿ, ಸಿಹಿ, ತೆಳುವೋ ಗಟ್ಟಿಯೋ, ಗಂಟಲಲ್ಲಿ ಬಿಸಿಯೋ, ಎಲ್ಲ ಗೊತ್ತಾಗುತ್ತದೆ. ಅವಳಿಗೆ ಗೊತ್ತಾಗದ್ದು ನನಗೆ, ನನಗೆ ಗೊತ್ತಾಗದ್ದು ಅವಳಿಗೆ. ಇಬ್ಬರೂ ಸೇರಿ ಒಬ್ಬ ಮನುಷ್ಯ.

ಫೆಬ್ರವರಿ 8, ಶನಿವಾರ
ಬಿಪಿ: 142/90

ಒಂಬತ್ತು ವೈನು ಮುಗಿದವು. ಚೀಟಿಗಳಲ್ಲಿ ಅವಳು ನನ್ನ ಮಾತನ್ನೇ ಸ್ವಲ್ಪ ಇಸ್ತ್ರಿ ಮಾಡಿ ಬರೆಯುತ್ತಾಳೆ. ಕಾಳುಮೆಣಸಿನ ವಾಸನೆಯ ಒಂದು ಕೆಂಪಿಗೆ "ಅಜ್ಜನ ಚರ್ಮದ ಚೀಲದಲ್ಲಿ ಮೆಣಸಿನಕಾಳು ಚೆಲ್ಲಿದಂತೆ" ಅಂತ ಬರೆದಳು. ಅದು ಮಾರ್ಕೆಟ್ ಸ್ಟಾಪಿನಲ್ಲಿ ಹತ್ತುವ ಆ ಮುದುಕರ ಚೀಲ. ಅವರು ಮೆಟ್ಟಿಲು ಹತ್ತುವುದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಮೊದಲು ಸಿಡಿಮಿಡಿ ಆಗುತ್ತಿತ್ತು. ಈಗ ಅವರು ಪಕ್ಕದಲ್ಲಿ ದಾಟಿಹೋಗುವಾಗ ಆ ಚೀಲ ಒಂಚೂರು ಮೂಸುತ್ತೇನೆ. ಚರ್ಮ, ತಂಬಾಕು, ಒಂದು ಕಿತ್ತಳೆ.

ಕಂಡಕ್ಟರ್ ಕೇಳಿದ, "ಏನ್ ಸಾರ್, ಇತ್ತೀಚೆಗೆ ಹಾರ್ನೇ ಹೊಡೀತಿಲ್ಲ?" ಕೆಟ್ಟಿದೆಯೇನೋ, ಮೇಸ್ತ್ರಿಗೆ ತೋರಿಸಬೇಕು.

ಫೆಬ್ರವರಿ 15, ಶನಿವಾರ

ಹದಿನಾರನೆಯ ವೈನು. ಇದಕ್ಕೆ ಮಾತ್ರ ಕಾಲುಚೀಲ ಇಲ್ಲ. ಫ್ರಾನ್ಸಿನ ಬರ್ಗಂಡಿ ಕಡೆಯ ಒಬ್ಬ ಮುದುಕಪ್ಪನದು. ಅವನ ಬಾಟ್ಲಿಯ ಜೊತೆ ಪ್ರತಿ ವರ್ಷ ಕೈಬರಹದ ಒಂದು ಕಾಗದ ಬರುತ್ತದೆ. ಇವಳು ಅವನ ಮುಖ ನೋಡಿಲ್ಲ, ಹದಿನೆಂಟು ವರ್ಷದ ಕಾಗದಗಳನ್ನೂ ಡಬ್ಬಿಯಲ್ಲಿ ಇಟ್ಟಿದ್ದಾಳೆ. ತನ್ನ ಮುರುಕು ಫ್ರೆಂಚಿನಲ್ಲಿ ನಿಧಾನವಾಗಿ ಓದಿ ಅರ್ಥ ಹೇಳಿದಳು. ಆಲಿಕಲ್ಲು ಬಿದ್ದು ಅರ್ಧ ತೋಟ ಹೋಯಿತು, ಉಳಿದದ್ದರಲ್ಲಿ ಒಳ್ಳೆಯದನ್ನು ನಿಮಗೇ ಕಳಿಸಿದ್ದೇನೆ ಅಂತ ಬರೆದಿದ್ದ. ಓದಿ ಮುಗಿಸುವಾಗ ಅವಳ ಕಣ್ಣು ತುಂಬಿತ್ತು.

ಗ್ಲಾಸು ನನ್ನ ಕೈಗೆ ಕೊಟ್ಟಳು. ಮೂಸಿದೆ. ಡಿಪೋದ ಪಾರ್ಸೆಲ್ ಕೋಣೆ. ಮಳೆ ಸೋರಿ ನೆಂದು ಬೂಸ್ಟು ಹಿಡಿದ ರಟ್ಟಿನ ಪೆಟ್ಟಿಗೆ. ಬೇರೆ ಏನೂ ಇಲ್ಲ.

ಅವಳು ಪೆನ್ನು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. ಒಂದು ಕೈಯಲ್ಲಿ ಆ ಕಾಗದ. ರಟ್ಟು ಅನ್ನಲು ನನಗೆ ಬಾಯಿ ಬರಲಿಲ್ಲ.

"ಮಳೆ ನಿಂತ ಮೇಲಿನ ನೆಲ" ಅಂದೆ. "ಒದ್ದೆ ಎಲೆ. ತಂಪು ವಾಸನೆ."

ಅವಳ ಮುಖ ಅರಳಿತು. ಗುಟುಕು ಹಾಕಿ "ನಾಲಿಗೆಗೆ ಯಾಕೋ ಮೊಂಡು ಅನ್ಸುತ್ತೆ" ಅಂದಳು. ಆಮೇಲೆ ತಾನೇ "ನನ್ನದೇ ಸರಿಯಿಲ್ಲ ಬಿಡಿ, ನೀವು ಹೇಳಿದ್ದೇ ಸರಿ" ಅಂತ ಚೀಟಿ ತುಂಬ ಬರೆದಳು. ಅಷ್ಟು ದೊಡ್ಡ ಚೀಟಿ ಬೇರೆ ಯಾವುದಕ್ಕೂ ಬರೆದಿರಲಿಲ್ಲ.

ಒಂದು ಸಣ್ಣ ಸುಳ್ಳು. ಯಾರಿಗೆ ನಷ್ಟ?

ಫೆಬ್ರವರಿ 25, ಮಂಗಳವಾರ
ಬಿಪಿ: 160/102

ಸಂಜೆ ಕನ್ನಡಕದಮ್ಮ ಫೋನ್ ಮಾಡಿದರು. ಇವಳು "ಹೂಂ, ಹೂಂ" ಅಂತಷ್ಟೇ ಅನ್ನುತ್ತಿದ್ದಳು. ಇಟ್ಟ ಮೇಲೆ ಗೋಡೆಗೆ ಒರಗಿ ನಿಂತಳು.

ನಾವು ವಾಪಸ್ ಕಳಿಸಿದ ಮುದುಕಪ್ಪನ ಅರ್ಧ ಬಾಟ್ಲಿಯನ್ನು ಅವರು ತೆರೆದು ನೋಡಿದ್ದಾರೆ. ಬಿರಡೆ ಬೂಸ್ಟು ಹಿಡಿದು ವೈನು ಕೆಟ್ಟಿತ್ತಂತೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರಿಗೂ ಗೊತ್ತಾಗುವ ಕೇಡು ಅದು, ನೀವು ಅದಕ್ಕೆ ಇಷ್ಟುದ್ದ ಹೊಗಳಿಕೆ ಬರೆದಿದ್ದೀರಿ, ಏನಾಗಿದೆ ನಿಮಗೆ ಅಂತ ಕೇಳಿದರಂತೆ. ಮಾರ್ಚ್ ಒಂಬತ್ತಕ್ಕೆ ತಾವೇ ಮನೆಗೆ ಬರುತ್ತಾರಂತೆ. ಆರು ಕಪ್ಪು ಗ್ಲಾಸು ತರುತ್ತಾರೆ, ಬಣ್ಣವೂ ಕಾಣದ ಹಾಗೆ. ತಮ್ಮ ಮುಂದೆಯೇ ರುಚಿ ನೋಡಿ ಹೇಳಬೇಕಂತೆ.

"ನೀವು ಹೇಳಿದ್ರಲ್ಲಾ, ಒದ್ದೆ ಎಲೆ ಅಂತ" ಅಂದಳು.

ಇಂಗು ತಿಂದ ಮಂಗನ ಹಾಗೆ ನಿಂತೆ. ಆಮೇಲೆ ಹೇಳಿದೆ. ಎಲ್ಲ ಹೇಳಿದೆ. ರಟ್ಟಿನ ಪೆಟ್ಟಿಗೆ, ಪಾರ್ಸೆಲ್ ಕೋಣೆ, ಅವಳ ಕೈಯಲ್ಲಿದ್ದ ಕಾಗದ.

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಬಹಳ ಮೆಲ್ಲಗೆ ಹೇಳಿದಳು. "ನೀವು ನಿಜ ಹೇಳಿದ್ರೆ ಅಂಗಡಿಯಿಂದ ಅದರ ಜೋಡಿ ಬಾಟ್ಲಿ ತರಿಸ್ತಿದ್ದೆ ರೀ. ಅಷ್ಟೇ. ಕೆಟ್ಟಿದ್ದು ಮುದುಕಪ್ಪನ ವೈನಲ್ಲ, ಒಂದು ಬಿರಡೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನಿಗೂ ಅನ್ಯಾಯ ಮಾಡಿದೆ, ಇವಳಿಗೂ ಮಾಡಿದೆ. ಒಳ್ಳೇದು ಮಾಡಲು ಹೋಗಿ.

ಫೆಬ್ರವರಿ 26
ಮಾತಿಲ್ಲ.

ಫೆಬ್ರವರಿ 27
ಮಾತಿಲ್ಲ. ಊಟಕ್ಕೆ ಬಡಿಸಿದಳು. ಉಪ್ಪು ಹೆಚ್ಚಾಗಿತ್ತು. ಹೇಳಲಿಲ್ಲ. ಆಮೇಲೆ, ಇದೂ ಒಂದು ಸುಳ್ಳೇ ಅಲ್ಲವಾ ಅನಿಸಿ "ಉಪ್ಪು ಜಾಸ್ತಿ" ಅಂದೆ. ಅತ್ತೆ "ಅಬ್ಬಾ, ಧೈರ್ಯವೇ!" ಅಂದರು.

ಮಾರ್ಚ್ 1, ಶನಿವಾರ

ಬೆಳಗ್ಗೆ ಬಸ್ಸಿಗೆ ಹೊರಟವನನ್ನು ಬಾಗಿಲಲ್ಲಿ ನಿಲ್ಲಿಸಿದಳು.

"ಮೂಗು ಹೋದಾಗ ಅಷ್ಟು ಹೆದರಿಕೆ ಆಗಲಿಲ್ಲ, ನೀವಿದ್ರಿ. ನೀವು ಹೇಳಿದ್ದನ್ನ ನಾನು ಕಣ್ಣು ಮುಚ್ಚಿ ಬರ್ಕೊಂಡೆ. ಇನ್ಮೇಲೆ ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ವಾಸನೆ ಬದಲಾಯಿಸಬೇಡಿ. ನನಗೆ ಸಮಾಧಾನ ಬೇಡ ರೀ, ಮೂಗು ಬೇಕು."

ಆಯ್ತು ಅಂದೆ. ತಪ್ಪಾಯ್ತು ಅಂತಲೂ ಅಂದೆ. ಅವಳು ನನ್ನ ಕಾಲರ್ ಸರಿಮಾಡಿದಳು. ಮೊದಲ ಟ್ರಿಪ್ಪು ಆರು ನಿಮಿಷ ತಡವಾಗಿ ಹೊರಟಿತು. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ಬೈದ ಪ್ರಯಾಣಿಕರಿಗೆಲ್ಲ ಕ್ಷಮಿಸಿ ಅಂದೆ.

ಮಾರ್ಚ್ 5, ಬುಧವಾರ

ನಾನೊಂದು ಉಪಾಯ ಹೇಳಿದೆ. ಭಾನುವಾರ ನಾನು ನೀರು ಕೊಡುವ ನೆವದಲ್ಲಿ ಅಲ್ಲೇ ನಿಂತಿರುವುದು. ಗ್ಲಾಸುಗಳು ಮೇಜಿನ ಮೇಲಿರುತ್ತವೆ, ಬಗ್ಗಿದಾಗ ಮೂಸುವುದು. ಎಡಗಿವಿ ಕೆರೆದರೆ ಹುಲ್ಲು, ಬಲಗಿವಿಯಾದರೆ ಪೆನ್ಸಿಲ್, ಕೆಮ್ಮಿದರೆ ಮೆಣಸು. ಒಂದು ಸಲ ಆಡಿಯೂ ನೋಡಿದೆವು. ಬೆಕ್ಕಿಗೆ ಯಾವ ಸನ್ನೆ ಅಂತ ಅತ್ತೆ ಕೇಳಿದರು. ನಕ್ಕು ನಕ್ಕು ಇವಳಿಗೆ ಕಣ್ಣಲ್ಲಿ ನೀರು ಬಂತು. ಆ ನೀರು ಬೇಗ ನಿಲ್ಲಲಿಲ್ಲ.

"ಬೇಡ" ಅಂದಳು. "ಹದಿನೆಂಟು ವರ್ಷದಲ್ಲಿ ಅವರಿಗೆ ಒಂದೇ ಒಂದು ಸುಳ್ಳು ಹೇಳಿಲ್ಲ. ಈ ಎರಡು ತಿಂಗಳು ಬಿಟ್ರೆ."

"ಹಾಗಾದ್ರೆ ಏನ್ ಮಾಡ್ತೀಯಾ?"

"ಗೊತ್ತಿಲ್ಲ."

ಮಾರ್ಚ್ 9, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕನ್ನಡಕದಮ್ಮ ಹತ್ತು ಗಂಟೆಗೆ ಬಂದರು. ಕಾಲುಚೀಲ ತೊಟ್ಟ ಆರು ಬಾಟ್ಲಿ ಅವರ ಚೀಲದಲ್ಲೇ ಇದ್ದವು. ಗ್ಲಾಸುಗಳನ್ನು ಪೇಪರಿನಿಂದ ಬಿಚ್ಚಿ, ಅಡುಗೆಮನೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು ತಾವೇ ಬಗ್ಗಿಸಿದರು. ಸಾಲಾಗಿ ತಂದಿಟ್ಟರು. ನಾನು ನೀರಿನ ಜಗ್ಗು ಹಿಡಿದು ಗೋಡೆ ಪಕ್ಕ ನಿಂತೆ. ಎರಡೂ ಕಿವಿ ತುರಿಸುತ್ತಿದ್ದವು, ಕೆರೆದುಕೊಳ್ಳುವ ಹಾಗಿಲ್ಲ.

ಇವಳು ಮೊದಲ ಗ್ಲಾಸು ಎತ್ತಿ ಅಭ್ಯಾಸಬಲದಿಂದ ಮೂಗಿನ ಹತ್ತಿರ ಒಯ್ದಳು. ಆಮೇಲೆ ಗುಟುಕು ಹಾಕಿ ಉಗುಳಿದಳು. "ಬಿಳಿ. ಹುಳಿ ಚೂಪಾಗಿದೆ, ಒಗರಿಲ್ಲ, ಕೊನೆಗೆ ಉಪ್ಪುಪ್ಪು" ಅಂದಳು.

"ವಾಸನೆ?" ಅಂದರು ಕನ್ನಡಕದಮ್ಮ.

ಇವಳು ಗ್ಲಾಸು ಮೇಜಿನ ಮೇಲಿಟ್ಟಳು.  

"ನನಗೆ ವಾಸನೆ ಬರ್ತಿಲ್ಲಮ್ಮ. ಜನವರಿಯಿಂದ ಒಂದು ಚೂರೂ ಬರ್ತಿಲ್ಲ" ಅಂದಳು. "ಮೂಸಿದ್ದು ಇವರು. ನಾನು ನಾಲಿಗೆ ಮಾತ್ರ."

ಕನ್ನಡಕದಮ್ಮ ಮೂಗಿನ ಮೇಲಿನ ಕನ್ನಡಕ ತೆಗೆದು ತಲೆಯ ಮೇಲಿನದನ್ನು ಹಾಕಿಕೊಂಡು ನನ್ನನ್ನು ನೋಡಿದರು. "ಚರ್ಮದ ಚೀಲದಲ್ಲಿ ಮೆಣಸಿನಕಾಳು, ಅದು?"

"ಮಾರ್ಕೆಟ್ ಸ್ಟಾಪಿನ ಅಜ್ಜ ಮೇಡಂ" ಅಂದೆ. "ಆ ಕೆಟ್ಟ ಬಾಟ್ಲಿ ಮಾತ್ರ ನನ್ನ ತಪ್ಪು. ನನಗೆ ರಟ್ಟಿನ ವಾಸನೆ ಬಂದಿತ್ತು. ಕಾಗದ ಓದಿ ಇವಳ ಕಣ್ಣು ತುಂಬಿತ್ತು, ಅದಕ್ಕೆ ಸುಳ್ಳು ಹೇಳಿದೆ."

ಅವರು ಆ ಕನ್ನಡಕವನ್ನೂ ತೆಗೆದು ಸೆರಗಿನಿಂದ ಒರೆಸಿದರು. ಆಮೇಲೆ ಇವಳಿಗೆ "ಮೂಗು ಹೋದದ್ದಕ್ಕಲ್ಲ, ನನಗೆ ಹೇಳಲಿಲ್ಲವಲ್ಲ, ಅದಕ್ಕೆ ಬೇಜಾರು" ಅಂದರು. ಅವರ ದನಿ ಗಟ್ಟಿಯಾಗಿರಲಿಲ್ಲ. ಆಮೇಲೆ ಕುರ್ಚಿ ಎಳೆದು ನನಗೆ ಕೈ ತೋರಿಸಿದರು. "ಕೂತ್ಕೊಳ್ಳಿ. ಗ್ಲಾಸುಗಳಂತೂ ಬಗ್ಗಿಸಿಯಾಗಿದೆ."

ಮೊದಲನೆಯದು ಗೀರಿದ ಬೆಂಕಿಕಡ್ಡಿ, ಹಸಿ ಸೇಬು. ಇವಳು ಶಾಬ್ಲಿ ಊರಿನ ವೈನು ಅಂದಳು, ಸರಿಯಾಯಿತು. ಎರಡನೆಯದು ಹೂವಿನ ಬುಟ್ಟಿ, ಗುಲಾಬಿ. ಮೂರನೆಯದಕ್ಕೆ "ಗೊತ್ತಾಗ್ತಿಲ್ಲ" ಅಂದೆ. ಊಹಿಸಿ ಹೇಳಬಹುದಿತ್ತು, ಹೇಳಲಿಲ್ಲ. ನಾಲ್ಕನೆಯದು ಪೆನ್ಸಿಲ್. ಐದನೆಯದನ್ನು ತಪ್ಪು ಹೇಳಿದೆ, ಇವಳ ನಾಲಿಗೆ ಅದನ್ನು ಅರ್ಧ ಸರಿಮಾಡಿತು.

ಆರನೆಯದನ್ನು ಮೂಗಿಗೆ ಹಿಡಿದೆ. ಹಿಡಿದವನು ಹಾಗೇ ಇದ್ದೆ. ಮತ್ತೆ ಮೂಸಿದೆ.

ಮಳೆ ನಿಂತ ಮೇಲಿನ ನೆಲ. ಒದ್ದೆ ಎಲೆ. ಅದರ ಅಡಿಯಲ್ಲೆಲ್ಲೋ ಸಣ್ಣ ಕೆಂಪು ಹಣ್ಣು. ಅವತ್ತು ಬಾಯಿಗೆ ಬಂದದ್ದನ್ನು ಕಟ್ಟಿ ಹೇಳಿದ್ದೆನಲ್ಲ, ಅದೇ ಮಾತು, ಅಕ್ಷರವೂ ಬದಲಾಗದೆ ಗ್ಲಾಸಿನಲ್ಲಿ ಕೂತಿದೆ. ಈಗ ಹೇಳಿದರೆ ಯಾರು ನಂಬುತ್ತಾರೆ? ಹೇಳದಿದ್ದರೆ ಮತ್ತೆ ಸುಳ್ಳು.

ಇವಳು ನನ್ನ ಮುಖ ನೋಡಿದಳು. "ಏನಿದೆಯೋ ಅದನ್ನೇ ಹೇಳಿ" ಅಂದಳು.

"ಅವತ್ತು ಸುಳ್ಳು ಹೇಳಿದ್ನಲ್ಲ, ಅದೇ ವಾಸನೆ ಕಣೇ. ಒದ್ದೆ ಎಲೆ. ಇವತ್ತು ನಿಜವಾಗ್ಲೂ ಇದೆ."

ಅವಳು ಗ್ಲಾಸು ತೆಗೆದುಕೊಂಡು ಗುಟುಕು ಹಾಕಿದಳು. ಕಣ್ಣು ಮುಚ್ಚಿದಳು. ಉಗುಳಲಿಲ್ಲ, ನುಂಗಿದಳು. ಹದಿನೆಂಟು ವರ್ಷದಲ್ಲಿ ಅವಳು ಕೆಲಸದ ಹೊತ್ತಿನಲ್ಲಿ ನುಂಗಿದ್ದನ್ನು ನಾನು ನೋಡಿರಲಿಲ್ಲ.

"ಮುದುಕಪ್ಪ" ಅಂದಳು.

ಕನ್ನಡಕದಮ್ಮ ಅಡುಗೆಮನೆಯಿಂದ ಆ ಬಾಟ್ಲಿ ತಂದು ಕಾಲುಚೀಲ ಎಳೆದರು. ಅಂಗಡಿಯಲ್ಲಿದ್ದ ಜೋಡಿ ಬಾಟ್ಲಿ.

ಹೊರಡುವಾಗ ಅವರು ಹೇಳಿದ್ದು ಇಷ್ಟು. ಈ ವರ್ಷದ ಪಟ್ಟಿಯನ್ನು ಇಬ್ಬರೂ ಸೇರಿ ಮುಗಿಸಬೇಕು, ಅನುಮಾನ ಬಂದರೆ ಜೋಡಿ ಬಾಟ್ಲಿ ಕೇಳಬೇಕು, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಬರೆಯಬೇಕು. ಸ್ಟೂಲು ಸದ್ಯಕ್ಕೆ ಎಲ್ಲಿದೆಯೋ ಅಲ್ಲೇ ಇರುತ್ತದೆ, ಮುಂದಿನದು ಮುಂದಿನ ವರ್ಷ. ನನಗೆ "ಒಂದು ಗುಟುಕು ಕುಡಿದು ನೋಡಿ, ನೀವೇ ಗುರುತಿಸಿದ್ದು" ಅಂದರು.

"ನಾಳೆ ಬೆಳಗ್ಗೆ ಊದಬೇಕು ಮೇಡಂ" ಅಂದೆ.

ಅವರು ಹೋದ ಮೇಲೆ ಇವಳು ಗ್ಲಾಸು ತೊಳೆದಳು, ನಾನು ಒರೆಸಿದೆ.  ಅತ್ತೆ "ಕತ್ತೆಗೂ ಗೊತ್ತಾಗುತ್ತಪ್ಪಾ" ಅಂದರು.

ಮಾರ್ಚ್ 10, ಸೋಮವಾರ

ಡಿಪೋದ ಡಾಕ್ಟರ ಹತ್ತಿರ ಹೋಗುವ ದಿನ. ಪಟ್ಟಿ ಸುತ್ತಿ ನೋಡಿದರು, 126/82. ಮತ್ತೊಮ್ಮೆ ನೋಡಿದರು, ಅಷ್ಟೇ. ಅವರ ಯಂತ್ರ ಕೆಟ್ಟಿರಬೇಕು. "ಏನ್ ಮಾಡಿದ್ರಿ? ಪುಸ್ತಕ ಕೊಡಿ ನೋಡೋಣ" ಅಂದರು. ಪುಸ್ತಕ ತೆರೆದರೆ ಬೆಕ್ಕಿನ ಉಚ್ಚೆ, ಮಂಡಿನೋವಿನ ಮುಲಾಮು. ಮನೆಯಲ್ಲಿ ಮರೆತು ಬಂದೆ ಅಂದೆ. ನಿಜ ಹೇಳುವ ವ್ರತ ಹೆಂಡತಿಯ ಹತ್ತಿರ ಮಾತ್ರ.

ಏಪ್ರಿಲ್ 17, ಗುರುವಾರ

ಡ್ಯೂಟಿ ಮುಗಿಸಿ ಬಂದೆ. ಇವಳು ಮೇಜಿನ ಹತ್ತಿರ ಕೂತು ಮುದುಕಪ್ಪನಿಗೆ ಕಾಗದ ಬರೆಯುತ್ತಿದ್ದಳು. ತಲೆ ಎತ್ತದೆಯೇ "ಡೀಸೆಲ್ ನಾತ. ಮೊದ್ಲು ಸ್ನಾನ ಮಾಡ್ಕೊಂಡು ಬನ್ನಿ" ಅಂದಳು.

ಆಯ್ತು ಅಂತ ಟವೆಲ್ ತೆಗೆದುಕೊಂಡು ಬಚ್ಚಲಿಗೆ ಹೋದೆ. ಮೈಮೇಲೆ ಎರಡು ಚೊಂಬು ನೀರು ಬಿದ್ದ ಮೇಲೆ ತಲೆಗೆ ಹೊಳೆಯಿತು. ಟವೆಲ್ ಸುತ್ತಿಕೊಂಡು ಓಡಿ ಬಂದೆ. ಅವಳು ಪೆನ್ನು ಕೆಳಗೆ ಬಿಟ್ಟು, ಎರಡೂ ಕೈ ಬಾಯಿಗೆ ಒತ್ತಿಕೊಂಡು, ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಆಗಷ್ಟೇ ಹೊಳೆದಿತ್ತು.

"ಡೀಸೆಲ್ ರೀ" ಅಂದಳು. "ಡೀಸೆಲ್ಲು!"

ನಾನು ಅತ್ತುಬಿಟ್ಟೆ. ನಾಚಿಕೆ ಯಾಕೆ, ಅತ್ತುಬಿಟ್ಟೆ ಅಂತಲೇ ಬರೆಯುತ್ತೇನೆ. ಆಮೇಲೆ ಒದ್ದೆ ಮೈಮೇಲೆ ಅದೇ ಯೂನಿಫಾರ್ಮ್ ಹಾಕಿಕೊಂಡು, ಹೊರಗೆ ಹೋಗಿ, ಬಾಗಿಲು ದಾಟಿ ಮತ್ತೆ ಒಳಗೆ ಬಂದೆ. ಅವಳು ಮೂಗು ಮುಚ್ಚಿಕೊಂಡು ಮತ್ತೆ ಬೈದಳು. ಇನ್ನೊಂದು ಸಲ ಹೋಗಿ ಬಂದೆ. ಒಟ್ಟು ಮೂರು ಸಲ ಬೈಸಿಕೊಂಡು, ಆಮೇಲೆ ಸ್ನಾನ ಮಾಡಿದೆ.